ತೂಬಿನ ಮೇಲಿನ ಸಿಳ್ಳೆ

ಡಾಂಬರು ಕಾಯುವ ವಾಸನೆ ಬಂದಾಗಲೆಲ್ಲ ಅವಳಿಗೆ ಅಪ್ಪನ ಅಂಗಿ ನೆನಪಾಗುತ್ತಿತ್ತು. ದೋಣಿಗಳ ತಳಕ್ಕೆ ಡಾಂಬರು ಬಳಿಯುವುದು ಅಪ್ಪನ ಕೆಲಸ. ಸಂಜೆ ಬಂದವನೇ ಅವಳನ್ನು ಹೆಗಲಿಗೆ ಹಾಕಿಕೊಳ್ಳುತ್ತಿದ್ದ. ಆ ಕಟು ವಾಸನೆಯಲ್ಲೇ ಮೂಗು ಹುದುಗಿಸಿ ಅವಳು ಎಷ್ಟೋ ಸಲ ನಿದ್ದೆಹೋಗಿದ್ದಳು. ಈಗ ಅದೇ ವಾಸನೆ ಅಡುಗೆಮನೆಯ ಕಿಟಕಿಯಿಂದ ಒಳಗೆ ಬಂತು. ಮೀನು ತೊಳೆಯುತ್ತಿದ್ದ ಅವಳ ಕೈ ನಿಂತಿತು.

"ನೋಡಿದ್ಯಾ, ಡಾಂಬರು ಕಾಯಿಸ್ತಿದಾನೆ," ಎಂದರು ಅತ್ತೆ, ಗೋಡೆಗೆ ಒರಗಿ ಕೂತಲ್ಲಿಂದಲೇ. "ದೊಡ್ಡ ಉಬ್ಬರಕ್ಕೆ ಮುಂಚೆ ತೂಬಿನ ಹಲಗೆಗೆ ಬಳೀಬೇಕು ಅಂತ ನನ್ನ ಮಗನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ."

"ಅದು ಅವರಲ್ಲ ಅತ್ತೆ. ಹೊಸಬ."

"ಆ ಬದಲಿ ಆಳಿಗೆ ಏನು ಗೊತ್ತು?" ಅತ್ತೆ ಮುಖ ತಿರುಗಿಸಿದರು.

ಕಡಲು ಏರಿದಾಗ ಉಪ್ಪುನೀರು ಹೊಲಗಳಿಗೆ ನುಗ್ಗದಂತೆ ತೂಬು ಮುಚ್ಚಬೇಕು, ಇಳಿದಾಗ ತೆರೆದು ಹೊಲದ ನೀರನ್ನು ಹೊರಗೆ ಬಿಡಬೇಕು. ಆ ಕೆಲಸ ಮಾಡುವವನಿಗೆಂದೇ ಒಡ್ಡಿನ ಮೇಲೆ ಕಟ್ಟಿದ ಮನೆ ಅದು. ಹೋದ ಶರತ್ಕಾಲದ ಬಿರುಗಾಳಿಯಲ್ಲಿ, ತೂಬಿನ ಬಾಗಿಲಿಗೆ ಸಿಕ್ಕಿಕೊಂಡ ಮರದ ದಿಮ್ಮಿಯನ್ನು ಬಿಡಿಸಲು ಇಳಿದ ಅವಳ ಗಂಡ ಮೇಲೆ ಬರಲಿಲ್ಲ. ಹುಡುಕಿದವರಿಗೆ ಕೆಸರಿನಲ್ಲಿ ಒಂದು ಗಂಬೂಟು ಸಿಕ್ಕಿತು, ಅಷ್ಟೆ. ಅತ್ತೆ ಅದನ್ನು ತೊಳೆದು ಬಾಗಿಲ ಪಕ್ಕದಲ್ಲಿ ಇಟ್ಟಿದ್ದರು. "ಇನ್ನೊಂದನ್ನ ಕಾಲಲ್ಲಿ ಹಾಕ್ಕೊಂಡೇ ಬರ್ತಾನೆ. ಬಂದ ತಕ್ಷಣ ಇದೆಲ್ಲಿ ಅಂತ ರೇಗ್ತಾನೆ, ನೋಡ್ತಿರು," ಎನ್ನುತ್ತಿದ್ದರು.

ಹೊಸಬನಿಗೆ ಸೇರಬೇಕಾದ ಮನೆಯಲ್ಲಿ ಇವರಿಬ್ಬರು. ಅವನು ತೂಬಿನ ಪಕ್ಕದ ಸಾಮಾನಿನ ಕೊಟ್ಟಿಗೆಯಲ್ಲಿ ಮಲಗುತ್ತಿದ್ದ. ಒಮ್ಮೆ ಅವಳು ಸಂಕೋಚದಿಂದ ಮಾತು ತೆಗೆದಾಗ, "ಇರಲಿ ಬಿಡಿ ಅಕ್ಕಾ. ನನ್ನ ಗೊರಕೆಗೆ ಕೊಟ್ಟಿಗೇನೇ ಸರಿ, ಸಲಿಕೆ ಗುದ್ದಲಿ ಏನೂ ದೂರು ಹೇಳಲ್ಲ," ಎಂದು ನಕ್ಕಿದ್ದ. ಅಲ್ಲಿ ಒಂದೇ ಮೊಳೆ, ಅದರ ಮೇಲೆ ಅವಳ ಗಂಡನ ಹಳೆಯ ಕೋಟು. ಹೊಸಬ ಅದನ್ನು ಮುಟ್ಟಿರಲಿಲ್ಲ. ತನ್ನ ಕೋಟನ್ನು ಸಲಿಕೆಯ ಹಿಡಿಗೆ ತೂಗುಹಾಕಿಕೊಂಡಿದ್ದ. ಅವಳು ಅದನ್ನು ನೋಡಿದ್ದಳು.

ಅವಳು ಸಿಗಡಿ ಸುಲಿಯಲು ಹೋಗುವ ಗೋದಾಮಿನ ಹಿಂದೆ ಒಂದು ಕೋಣೆ ನೋಡಿಟ್ಟಿದ್ದಳು. ಈ ತಿಂಗಳು ಬಾರದಿದ್ದರೆ ಬೇರೆಯವರಿಗೆ ಕೊಡುತ್ತೇನೆಂದು ಕೋಣೆಯ ಒಡತಿ ಹೇಳಿಬಿಟ್ಟಿದ್ದಳು. ತೂಬಿನ ಉಸ್ತುವಾರಿ ನೋಡುವ ಕಚೇರಿಯಿಂದಲೂ ಮನೆ ಬಿಡಿ ಎಂದು ಹೇಳಿಕಳಿಸಿದ್ದರು. ಹೊರಡಬೇಕು. ಆದರೆ ಅತ್ತೆ ಹೊರಡುವುದಿಲ್ಲ.

ಅದಕ್ಕೆ ಕಾರಣ ಸಿಳ್ಳೆ. ಉತ್ತರದಿಂದ ವಲಸೆ ಹಕ್ಕಿಗಳು ಬಂದು ಕೆಸರುಬಯಲಿನಲ್ಲಿ ಇಳಿಯತೊಡಗಿದ ಮೇಲೆ, ಸಂಜೆ ಮಂಜು ಕವಿಯುವ ಹೊತ್ತಿಗೆ ತೂಬಿನ ಕಡೆಯಿಂದ ಅದು ಕೇಳಿಸುತ್ತಿತ್ತು. ಎರಡು ಉದ್ದನೆಯ ಎಳೆ, ಕೊನೆಗೆ ಮೇಲಕ್ಕೆ ಎತ್ತಿ ಬಿಟ್ಟ ಒಂದು ಚಿಕ್ಕ ಎಳೆ. ಗಂಡನದೇ ಸಿಳ್ಳೆ. ತೂಬು ಮುಚ್ಚಿ, ಬಯಲಿಗೆ ಮುಖ ಮಾಡಿ ಸಿಳ್ಳೆ ಹಾಕಿ, ಸ್ವಲ್ಪ ಹೊತ್ತು ಕಿವಿಗೊಟ್ಟು ನಿಂತು, ಆಮೇಲೆ ಅವನು ಊಟಕ್ಕೆ ಬರುತ್ತಿದ್ದ. ಮೊದಲ ದಿನ ಅದನ್ನು ಕೇಳಿದಾಗ ಅವಳ ಕೈಯಿಂದ ಪಾತ್ರೆ ಜಾರಿತ್ತು. ಅತ್ತೆ ಮಾತ್ರ ಶಾಂತವಾಗಿ, "ತಟ್ಟೆ ಹಾಕು," ಎಂದಿದ್ದರು. ಅಂದಿನಿಂದ ದಿನವೂ ತಟ್ಟೆ ಹಾಕಿ ಮುಚ್ಚಿಡುವುದು, ಮರುದಿನ ಬೆಳಿಗ್ಗೆ ಆ ತಣ್ಣನೆಯ ಊಟವನ್ನು ಅವಳೇ ನಿಂತುಕೊಂಡು ಉಂಡು ಕೆಲಸಕ್ಕೆ ಹೋಗುವುದು. ತೂಬಿನ ಹತ್ತಿರ ಹೋಗಿ ನೋಡಲು ಅವಳಿಗೆ ಧೈರ್ಯ ಬಂದಿರಲಿಲ್ಲ. ಯಾರೂ ಇರದಿದ್ದರೆ ಎಂಬ ಭಯ. ಇದ್ದರೆ ಎಂಬ ಭಯ ಇನ್ನೂ ದೊಡ್ಡದು.

"ಚಿಕ್ಕವನಿದ್ದಾಗ ನನ್ನ ಜೊತೆ ಚಿಪ್ಪು ಆರಿಸೋಕೆ ಬಂದಿದ್ದ," ಅತ್ತೆ ಹೇಳುತ್ತಿದ್ದರು. "ಬಾಗಿದ ಕೊಕ್ಕಿನ ಹಕ್ಕಿ ಒಂದು ಕೂಗ್ತು. ಒಂದೇ ಸಲ. ಅವತ್ತಿಂದ ಹಾಗೇ ಸಿಳ್ಳೆ ಹಾಕೋದು ಕಲಿತ. ಅಂಥ ಹಕ್ಕಿ ಈ ಕಡೆ ಬರೋದೇ ಇಲ್ಲ ಅಂತ ಎಲ್ಲರೂ ನಕ್ಕರು. ಅದು ಒಂದು ಸಲ ಉತ್ತರ ಕೊಡಲಿ ಅಮ್ಮ, ಆಮೇಲೆ ಸಿಳ್ಳೆ ಹಾಕೋದೇ ಬಿಡ್ತೀನಿ ಅಂತಿದ್ದ. ಬಿಟ್ಟಿಲ್ಲ ನೋಡು ಇನ್ನೂ."

ಅಂದು ಇಳಿಮಧ್ಯಾಹ್ನ ಒಡ್ಡಿನ ಮೇಲೆ ಒಂದು ಕಾರು ನಿಂತಿತು. ಪೇಟೆಯ ಹಲ್ಲಿನ ಡಾಕ್ಟರಮ್ಮ, ಹಿಂದೆ ಮುಕ್ಕಾಲಿ ಹೊತ್ತ ಅವರ ಗಂಡ.

"ಮದುವೆ ದಿನ ಮರೀತಾಳೆ, ಹಕ್ಕಿ ಬರೋ ವಾರ ಮಾತ್ರ ಮರೆಯಲ್ಲ," ಎಂದರು ಆತ, ಇವಳನ್ನು ನೋಡಿ.

"ಹಕ್ಕಿ ಪ್ರತಿ ವರ್ಷ ಹೊಸ ಗರಿ ಹಾಕ್ಕೊಂಡು ಬರುತ್ತೆ. ನೀವು ಅದೇ ಸ್ವೆಟರ್ರು," ಎಂದು ಡಾಕ್ಟರಮ್ಮ ದುರ್ಬೀನನ್ನು ಮುಕ್ಕಾಲಿಗೆ ಬಿಗಿದರು. ಬಲೆಗಾರನೊಬ್ಬ ಹಲ್ಲು ಕೀಳಿಸಿಕೊಳ್ಳಲು ಬಂದವನು, ಬಾಯಿ ತುಂಬ ಹತ್ತಿ ಇದ್ದರೂ ಬಿಡದೆ, ತೂಬಿನ ಹತ್ತಿರ ಕೇಳಿದ ಕೂಗನ್ನು ಸಿಳ್ಳೆ ಹಾಕಿ ತೋರಿಸಲು ಹೊರಟಿದ್ದನಂತೆ. "ಅದು ನಾನು ಅಂದ್ಕೊಂಡಿರೋ ಹಕ್ಕಿನೇ ಆಗಿದ್ರೆ, ಈ ಕರಾವಳಿಗೆ ಬಂದದ್ದನ್ನ ಯಾರೂ ಖಚಿತವಾಗಿ ನೋಡೇ ಇಲ್ಲ. ನೀವೂ ಬರ್ತೀರೇನಮ್ಮ? ಇಲ್ಲೇ ಇರೋರು, ಕಿವಿ ಪಳಗಿರುತ್ತೆ."

ಜೊತೆಗೆ ಜನ ಇದ್ದಾರೆ ಎಂಬ ಧೈರ್ಯಕ್ಕೆ ಅವಳು ಹೊರಟಳು.

ಬಯಲಿನ ಅಂಚಿನಲ್ಲಿ ನೀರು ಹಿಂದೆ ಸರಿಯುತ್ತಿತ್ತು. ದೂರದಲ್ಲಿ ಸಣ್ಣ ಹಕ್ಕಿಗಳ ಹಿಂಡು ಒಮ್ಮೆ ಕಪ್ಪಾಗಿ, ಮಗುಚಿದಾಗ ಬೆಳ್ಳಗಾಗಿ ಹಾರಿತು. ಕೊಟ್ಟಿಗೆಯ ಮುಂದೆ ಹೊಸಬ ಡಾಂಬರಿನ ಡಬ್ಬದ ಕೆಳಗೆ ಬೆಂಕಿ ಆರಿಸುತ್ತಿದ್ದ. ಡಾಕ್ಟರಮ್ಮನ ಗಂಡ ಮಡಚುವ ಸ್ಟೂಲನ್ನು ಬಿಡಿಸಿ, ಹೆಂಡತಿಗಲ್ಲ, ಇವಳಿಗೆ ಹಾಕಿಕೊಟ್ಟರು. ಮಂಜು ಮೆಲ್ಲಗೆ ತೆವಳಿಕೊಂಡು ಬಂತು.

ಆಗ ಸಿಳ್ಳೆ ಕೇಳಿಸಿತು.

ಅವಳು ತಲೆ ತಗ್ಗಿಸಿ ಸೆರಗನ್ನು ಹಿಡಿದುಕೊಂಡಳು. ಡಾಕ್ಟರಮ್ಮ ದುರ್ಬೀನನ್ನು ಬಯಲಿನ ಕಡೆಯಿಂದ ತೂಬಿನ ಕಡೆಗೆ ಹೊರಳಿಸಿದರು. ಕಣ್ಣು ಕಿರಿದು ಮಾಡಿ ನೋಡಿದರು. ಆಮೇಲೆ ನಿಟ್ಟುಸಿರಿಟ್ಟರು.

"ಗೊರವಂಕ. ತೂಬು ಎತ್ತೋ ಚಕ್ರದ ಮೇಲೆ ಕೂತಿದಾನೆ ಕಳ್ಳ. ಯಾರದೋ ಕೂಗು ಕದ್ದಿದಾನೆ." ಮತ್ತೆ ಸಿಳ್ಳೆ ಬಂತು. ಅವರ ಹುಬ್ಬು ಗಂಟಿಕ್ಕಿತು. "ಆದ್ರೆ ಇದು ಹಕ್ಕಿಯಿಂದ ಕಲ್ತದ್ದಲ್ಲ. ಕೊನೇಲಿ ಒಂದು ಚೂರು ಗಾಳಿ ಸೋರುತ್ತೆ, ಕೇಳಿ. ಮುಂದಿನ ಹಲ್ಲು ಮುಕ್ಕಾಗಿರೋ ಮನುಷ್ಯನ ಸಿಳ್ಳೆ. ಇಲ್ಲಿ ಯಾರಾದ್ರೂ ಹಾಗೆ..."

ಇವಳ ಮುಖ ನೋಡಿ ಅವರು ಮಾತು ನಿಲ್ಲಿಸಿದರು.

"ನನ್ನ ಗಂಡನ ಹಲ್ಲು. ತೂಬಿನ ಚಕ್ರದ ಹಿಡಿ ಹೊಡೆದು ಮುರಿದಿತ್ತು," ಎಂದಳು ಅವಳು. "ಹುಡುಗಾಟದ ವಯಸ್ಸಲ್ಲಿ."

ಡಾಕ್ಟರಮ್ಮ ಸರಿದು ಜಾಗ ಬಿಟ್ಟರು. ಅವಳು ದುರ್ಬೀನಿಗೆ ಕಣ್ಣಿಟ್ಟಳು. ಹಳದಿ ಕೊಕ್ಕು, ಕಂದು ಮೈ, ದಿನವೂ ಅಂಗಳದಲ್ಲಿ ಅನ್ನದ ಅಗುಳು ಹೆಕ್ಕುವಂಥದೇ ಒಂದು ಗೊರವಂಕ. ಅದರ ಗಂಟಲು ಉಬ್ಬಿತು, ಗಂಡ ಸಿಳ್ಳೆ ಹಾಕಿದ.

"ವರ್ಷಗಟ್ಟಲೆ ಕೇಳಿಸ್ಕೊಂಡಿರುತ್ತೆ," ಡಾಕ್ಟರಮ್ಮನ ದನಿ ತಗ್ಗಿತ್ತು. "ಈಗ ಬಯಲಲ್ಲಿ ಹಕ್ಕಿಗಳ ಗದ್ದಲ ಶುರುವಾಯ್ತಲ್ಲ, ಹಳೇ ಪಾಠ ನೆನಪಾಗಿದೆ."

ಅತ್ತೆಗೆ ಹೇಳಬೇಕು, ಇವತ್ತೇ ಹೇಳಬೇಕು ಎಂದುಕೊಂಡಳು. ನಿಮ್ಮ ಮಗನಲ್ಲ, ಒಂದು ಗೊರವಂಕ. ಈ ಮಾತನ್ನು ಯಾವ ಬಾಯಿಂದ ಹೇಳುವುದು? ಹೇಳದಿದ್ದರೆ ಕೋಣೆ ಕೈತಪ್ಪುತ್ತದೆ. ಹೇಳಿದರೆ ಅತ್ತೆಯೇ ಕೈತಪ್ಪಬಹುದು.

ಗೊರವಂಕ ಮತ್ತೊಮ್ಮೆ ಕೂಗಿ ಸುಮ್ಮನಾಯಿತು. ಆ ಮೌನದಲ್ಲಿ, ಬಯಲಿನ ಆಚೆ ತುದಿಯಿಂದ, ಅದೇ ಕೂಗು ಬಂತು. ಎರಡು ಉದ್ದ, ಮೇಲಕ್ಕೆ ಎತ್ತಿದ ಒಂದು ಚಿಕ್ಕದು. ಗಾಳಿ ಸೋರದ, ತೊಳೆದಿಟ್ಟಂಥ ಕೂಗು.

ಡಾಕ್ಟರಮ್ಮ ಅವಳ ಮಣಿಕಟ್ಟು ಹಿಡಿದರು. ಇನ್ನೊಂದು ಕೈಯಲ್ಲೇ ದುರ್ಬೀನು ತಿರುಗಿಸಿ, ಹುಡುಕಿ, ಒಂದು ಗಳಿಗೆ ಮಾತ್ರ ನೋಡಿ, ತಾವು ಹಿಂದೆ ಸರಿದರು. "ನೀವು ನೋಡಿ. ಬೇಗ."

ಮಂಜಿನಲ್ಲಿ ಕೆಸರಿನದೇ ಬಣ್ಣದ, ಉದ್ದ ಕಾಲಿನ ಹಕ್ಕಿ. ಕೊಕ್ಕು ಕುಡುಗೋಲಿನಂತೆ ಬಾಗಿತ್ತು. ಅದು ತೂಬಿನ ಕಡೆಗೆ ತಲೆ ಓರೆ ಮಾಡಿ, ಕಿವಿಗೊಟ್ಟು ನಿಂತಿತ್ತು. ಹಾಗೆ ನಿಲ್ಲುತ್ತಿದ್ದವನೊಬ್ಬನನ್ನು ಅವಳು ಬಲ್ಲಳು. ಅಷ್ಟರಲ್ಲಿ ಮಂಜು ಮುಚ್ಚಿಕೊಂಡಿತು.

ಅವಳು ಓಡೋಡಿ ಬಂದಾಗ ಅತ್ತೆ ಹೊಸ್ತಿಲಲ್ಲಿ ನಿಂತಿದ್ದರು. ಕೈಯಲ್ಲಿ ಮುಚ್ಚಿದ ತಟ್ಟೆ.

"ಅವನ ಸಿಳ್ಳೆ ಆಯ್ತು," ಎಂದರು. "ಆಮೇಲೆ ಇನ್ನೊಂದು."

"ಹೌದು ಅತ್ತೆ."

"ಅದರಲ್ಲಿ ಹಲ್ಲಿನ ಗಾಳಿ ಇರಲಿಲ್ಲ."

"ಇರಲಿಲ್ಲ ಅತ್ತೆ. ನಾನೂ ಕೇಳಿಸ್ಕೊಂಡೆ. ನೋಡಿದೆ."

"ಬಾಗಿದ ಕೊಕ್ಕು?"

"ಬಾಗಿದ ಕೊಕ್ಕು."

ಅತ್ತೆ ತಲೆಯಾಡಿಸಿದರು. "ಉತ್ತರ ಕೊಡ್ತು ಹಾಗಾದ್ರೆ." ಅವಳು ಗೊರವಂಕದ ಮಾತು ತೆಗೆಯಲು ಬಾಯಿ ತೆರೆದಳು. ಅತ್ತೆ ಕೇಳಲು ನಿಲ್ಲಲಿಲ್ಲ. ಬಾಗಿಲ ಪಕ್ಕದ ಗಂಬೂಟನ್ನು ಕಾಲಿನಿಂದ ಮೆಲ್ಲಗೆ ಗೋಡೆಯ ಕಡೆಗೆ ಸರಿಸಿ, ದಾರಿ ಮಾಡಿಕೊಂಡು, ಮೆಟ್ಟಿಲು ಇಳಿದರು. ಒಡ್ಡಿನುದ್ದಕ್ಕೂ ಆಸರೆಗೆ ಕಟ್ಟಿದ್ದ ಹಗ್ಗವನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದರಲ್ಲಿ ತಟ್ಟೆಯನ್ನು ಎದೆಗೆ ಒತ್ತಿಕೊಂಡು ನಡೆದರು. ಇವಳು ಎರಡು ಹೆಜ್ಜೆ ಹಿಂದೆ, ಬಿದ್ದರೆ ಹಿಡಿಯಲು ಬೇಕಾದಷ್ಟೇ ದೂರದಲ್ಲಿ.

ಕೊಟ್ಟಿಗೆಯ ಬಾಗಿಲು ತೆರೆದಿತ್ತು. ಹೊಸಬ ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತು ಒಣ ಬ್ರೆಡ್ಡು ಮುರಿಯುತ್ತಿದ್ದ. ಮೊಳೆಯ ಮೇಲೆ ಹಳೆಯ ಕೋಟು ಇದ್ದಲ್ಲೇ ಇತ್ತು. ಇಷ್ಟು ದಿನ ಒಂದು ಮಾತೂ ಆಡದ ಮುದುಕಿ ಎದುರು ನಿಂತದ್ದನ್ನು ಕಂಡು ಅವನು ಗಡಬಡಿಸಿ ಎದ್ದ. ಡಾಂಬರು ಹತ್ತಿದ ಕೈಗಳನ್ನು ಪ್ಯಾಂಟಿಗೆ ಒರೆಸಿದ, ಸಾಲದೆಂದು ಮತ್ತೊಮ್ಮೆ ಒರೆಸಿದ.

ಅತ್ತೆ ತಟ್ಟೆಯ ಮುಚ್ಚಳ ತೆಗೆದು ಬಗಲಿಗೆ ಇಟ್ಟುಕೊಂಡರು. ಅನ್ನದಿಂದ ಇನ್ನೂ ಹಬೆ ಏಳುತ್ತಿತ್ತು. ಅವನು ಎರಡೂ ಕೈ ಚಾಚುವವರೆಗೆ ಕಾದು, ತಟ್ಟೆಯನ್ನು ಅವುಗಳಲ್ಲಿ ಇಟ್ಟರು.