ಮೂವತ್ತೆರಡನೇ ಮೇಜಿನ ಮೌಸ್

ನಾನು ಒಂದು ಮೌಸ್. ಕಂಪ್ಯೂಟರಿನ ಪಕ್ಕದಲ್ಲಿ, ಉದ್ದನೆಯ ತಂತಿ ಕಟ್ಟಿಕೊಂಡು, ನಿಮ್ಮ ಅಂಗೈಯಡಿ ಕೂರುವ ಕಪ್ಪು ಸಾಮಾನು. ನನ್ನ ಕಣ್ಣು ಹೊಟ್ಟೆಯ ಅಡಿಯಲ್ಲಿದೆ. ಹಾಗಾಗಿ ಪರದೆಯನ್ನು ನಾನು ಎಂದೂ ಕಂಡಿಲ್ಲ. ಕಂಡಿದ್ದೆಲ್ಲ ಮೇಜಿನ ಹಲಗೆ; ಉಳಿದದ್ದು ಸುತ್ತಲಿನವರ ಮಾತಿನಿಂದ ತಿಳಿದದ್ದು. ಆದರೆ ಕೈಗಳನ್ನು ನಾನು ಬಲ್ಲೆ. ಯಾವ ಕೈ ಬೆವರುತ್ತದೆ, ಯಾವುದು ನಡುಗುತ್ತದೆ, ಯಾವುದು ಎಷ್ಟು ದೂರ ಹೋಗಿ ಎಲ್ಲಿ ನಿಲ್ಲುತ್ತದೆ ಎಂಬುದರಲ್ಲಿ ನನಗೆ ತಪ್ಪಾಗುವುದಿಲ್ಲ. ಮುಂದೆ ಹೇಳುವ ಸಂಗತಿಯಲ್ಲೂ ನನಗೆ ತಪ್ಪಾಗಿಲ್ಲ. ಸಿಟ್ಟಿನಲ್ಲಿ ಹೇಳುತ್ತಿದ್ದೇನೆ, ನಿಜ. ಆದರೂ ಒಂದೊಂದು ಮಾತನ್ನೂ ನೋಡಿಯೇ ಆಡುತ್ತೇನೆ.

ಹುಟ್ಟಿದ್ದು ಕಾರ್ಖಾನೆಯಲ್ಲಿ. ನಮ್ಮನ್ನು ನಲವತ್ತರ ಲೆಕ್ಕದಲ್ಲಿ ರಟ್ಟಿನ ಪೆಟ್ಟಿಗೆಗೆ ತುಂಬಿ ಲಾರಿಗೇರಿಸಿದರು. ಪೆಟ್ಟಿಗೆ ಬಿಚ್ಚಿದ್ದು ಹುಬ್ಬಳ್ಳಿಯ ಹೊರವಲಯದ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ. ಲ್ಯಾಬಿನ ಸಹಾಯಕ ಮಡಿವಾಳಪ್ಪನವರು ನನ್ನ ಬೆನ್ನಿಗೆ ಬಿಳಿ ಚೀಟಿ ಅಂಟಿಸಿ ‘೩೨’ ಎಂದು ಬರೆದರು. ಅವರ ಬೆರಳು ಒರಟು, ಹಿಡಿತ ಮಾತ್ರ ಮೃದು. ವಾರಕ್ಕೊಮ್ಮೆ ನನ್ನನ್ನು ತಿರುಗಿಸಿ, ಹೊಟ್ಟೆಗಂಟಿದ ಕೊಳೆಯನ್ನು ಉಗುರಿನಿಂದ ಕೆರೆದು ತೆಗೆಯುತ್ತಿದ್ದರು.

ಮೊದಲ ಮೂರು ವರ್ಷ ವಿದ್ಯಾರ್ಥಿಗಳ ಕಾಟ. ನನ್ನ ಕಣ್ಣಿಗೆ ಬಾಳೆಹಣ್ಣಿನ ಸ್ಟಿಕರ್ ಅಂಟಿಸಿ, ಗೆಳೆಯ ಒದ್ದಾಡುವುದನ್ನು ನೋಡಿ ನಗುತ್ತಿದ್ದರು. ಅದನ್ನು ನಾನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಅದು ಆಟ.

ನಾಲ್ಕನೇ ವರ್ಷ ಲ್ಯಾಬು ಪರೀಕ್ಷಾ ಕೇಂದ್ರವಾಯಿತು. ಮೇಜುಗಳ ನಡುವೆ ರಟ್ಟಿನ ಅಡ್ಡಗೋಡೆ ಬಂತು, ಚಾವಣಿಗೆ ಕ್ಯಾಮೆರಾ ಬಂತು. ವೈದ್ಯರ ವೃತ್ತಿ ಪರೀಕ್ಷೆಗಳು ಇನ್ನು ಮುಂದೆ ಕಾಗದದ ಮೇಲೆ ನಡೆಯುವುದಿಲ್ಲ, ಎಲ್ಲ ಕಂಪ್ಯೂಟರಿನಲ್ಲೇ ಎಂದು ಪರೀಕ್ಷಾ ಮಂಡಳಿ ತೀರ್ಮಾನಿಸಿತ್ತು. ಕಾಗದದ ಕಾಲ ಬಲು ಚೆನ್ನಾಗಿತ್ತು ಎಂದು ನಾನು ಹೇಳುವುದಿಲ್ಲ. ಉತ್ತರಪತ್ರಿಕೆಯ ಕಟ್ಟುಗಳು ಕಳೆದುಹೋಗುತ್ತಿದ್ದವಂತೆ, ಫಲಿತಾಂಶಕ್ಕೆ ಐದಾರು ತಿಂಗಳು ಕಾಯಬೇಕಿತ್ತಂತೆ. ಬದಲಾವಣೆ ಬೇಕಿತ್ತು. ಆದರೆ ಬದಲಾಯಿಸಿದವರು ಯಂತ್ರಗಳನ್ನು ತಂದಿಟ್ಟು, ತಂತಿ ಜೋಡಿಸಿ, ರಿಬ್ಬನ್ ಕತ್ತರಿಸಿ, ಫೋಟೊ ತೆಗೆಸಿಕೊಂಡು ಹೋದರು. ಇಪ್ಪತ್ತು ವರ್ಷ ಪೆನ್ನಿನಲ್ಲಿ ಬರೆದ ಕೈಗಳಿಗೆ ಈ ಹೊಸ ದಾರಿಯನ್ನು ಯಾರು ತೋರಿಸಬೇಕು? ಆ ಕೆಲಸಕ್ಕೆ ಯಾರೂ ಬರಲಿಲ್ಲ. ಪರೀಕ್ಷೆಗೆ ಮುಂಚೆ ಒಂದು ದಿನದ ಅಭ್ಯಾಸ ಇಡುತ್ತೇವೆಂದು ಪ್ರಕಟಣೆ ಹೊರಡಿಸಿದ್ದರು. ಆ ದಿನ ಕೇಂದ್ರದ ಬಾಗಿಲಿಗೆ ಬೀಗವಿತ್ತು.

ಹೀಗೆ ಆ ವರ್ಷ ನನ್ನ ಮೇಲೆ ಕೈಯಿಟ್ಟವರು ಡಾಕ್ಟರ್ ಇಂದುಮತಿ ಕೆರೂರ.

ಅವರಿಗೆ ನಲವತ್ತಮೂರು ವರ್ಷ. ಐವತ್ತೆಂಟು ಕಿಲೋಮೀಟರ್ ದೂರದ ತಾಲ್ಲೂಕು ಆಸ್ಪತ್ರೆಯಲ್ಲಿ ಸರ್ಕಾರಿ ವೈದ್ಯೆ. ಅರಿವಳಿಕೆ ಕೊಡುವ ತರಬೇತಿ ಮುಗಿಸಿ ಅದರ ಪರೀಕ್ಷೆಗೆ ಕೂತಿದ್ದರು. ಅವರ ಆಸ್ಪತ್ರೆಯಲ್ಲಿ ಹೆರಿಗೆಯ ಆಪರೇಷನ್ ಮಾಡುವ ವೈದ್ಯರಿದ್ದರು, ಅರಿವಳಿಕೆ ಕೊಡುವವರು ಇರಲಿಲ್ಲ. ಹಾಗಾಗಿ ಹೆರಿಗೆ ಕಷ್ಟವಾದ ಹೆಂಗಸರನ್ನೆಲ್ಲ ಆಂಬುಲೆನ್ಸಿನಲ್ಲಿ ಹುಬ್ಬಳ್ಳಿಗೆ ಕಳಿಸುತ್ತಿದ್ದರು. ಇಂದುಮತಿ ಪಾಸಾದರೆ ಆ ಓಡಾಟ ನಿಲ್ಲುತ್ತಿತ್ತು. ಪರೀಕ್ಷೆಗೆ ಇದ್ದದ್ದು ಮೂರೇ ಅವಕಾಶ. ಕಾಗದದ ಕಾಲದಲ್ಲಿ ಬರೆದ ಮೊದಲನೆಯದು ನಾಲ್ಕು ಅಂಕಗಳಲ್ಲಿ ಕೈತಪ್ಪಿತ್ತು. ಇದು ಎರಡನೆಯದು.

ಒಣಗಿದ ಕೈ. ದಿನಕ್ಕೆ ನಲವತ್ತು ಸಲ ಸೋಪು ಹಚ್ಚಿ ತೊಳೆದ ಕೈ. ನಡುಗಲಿಲ್ಲ.

ಪ್ರಶ್ನೆಗಳು ನೂರೈವತ್ತು. ಮೊದಲ ತೊಂಬತ್ತು ಓದಿ ಕಲಿತ ವಿಷಯದ ಮೇಲೆ. ತೊಂಬತ್ತೊಂದರಿಂದ ಕೊನೆಯವರೆಗೆ ಕೈಕೆಲಸದ ಮೇಲೆ, ಅಂದರೆ ಯಾವ ರೋಗಿಗೆ ಎಷ್ಟು ಔಷಧಿ, ಉಸಿರು ನಿಂತರೆ ಮೊದಲು ಏನು ಮಾಡಬೇಕು, ಹೀಗೆ. ಗೊತ್ತಿದ್ದದ್ದನ್ನು ಮೊದಲು ಬರೆದು ಮುಗಿಸುವುದು ಕಾಗದದ ಕಾಲದ ರೂಢಿ. ಇಂದುಮತಿ ಹಾಗೇ ಮಾಡಿದರು. ಕೈಕೆಲಸದ ಭಾಗದಿಂದ ಶುರು ಮಾಡಿ, ಉತ್ತರವನ್ನು ಒತ್ತುವುದು, ಪರದೆಯ ಬಲ ಅಂಚಿನಲ್ಲಿ ಸಾಲಾಗಿದ್ದ ಸಂಖ್ಯೆಗಳಲ್ಲಿ ಮುಂದೆ ಬೇಕಾದ ಪ್ರಶ್ನೆಯದನ್ನು ಒತ್ತುವುದು. ಉತ್ತರ, ಬಲಕ್ಕೆ. ಉತ್ತರ, ಬಲಕ್ಕೆ. ಐವತ್ತೆರಡು ಸಲ. ಅನುಮಾನವಿದ್ದ ಎಂಟನ್ನು ಕೊನೆಗೆಂದು ಬಿಟ್ಟರು.

ಕೆಳಗೆ ಇಳಿಯಲೇ ಇಲ್ಲ.

ಕೆಳಗೆ ‘ಸೇವ್’ ಎಂಬ ಗುಂಡಿ ಇತ್ತು. ಅದನ್ನು ಒತ್ತದೆ ಬೇರೆ ಪ್ರಶ್ನೆಗೆ ಹೋದರೆ, ಕೊಟ್ಟ ಉತ್ತರ ಉಳಿಯುವುದಿಲ್ಲ. ಹಾಗೆ ಬಿಟ್ಟುಬಂದ ಪ್ರಶ್ನೆಯ ಸಂಖ್ಯೆ ಕೆಂಪಾಗುತ್ತದೆ. ಇಂದುಮತಿ ಕೆಂಪನ್ನು ನೋಡಿದರು, ಸಮಾಧಾನಪಟ್ಟರು. ಅವರ ಆಸ್ಪತ್ರೆಯಲ್ಲಿ ರೋಗಿಯ ಹಾಳೆಯಲ್ಲಿ ಕೊಟ್ಟು ಮುಗಿಸಿದ ಔಷಧಿಗೆ ಕೆಂಪು ಶಾಯಿಯ ಗೆರೆ ಎಳೆಯುತ್ತಾರೆ. ಕೆಂಪೆಂದರೆ ಆಯಿತು, ಇನ್ನು ಮುಟ್ಟಬೇಡ ಎಂದರ್ಥ. ಹದಿನೇಳು ವರ್ಷ ಹಾಗೆ ನೋಡಿದ ಕಣ್ಣು. ಅವರು ಮುಟ್ಟಲಿಲ್ಲ. ಆಮೇಲೆ ಒಂದನೇ ಪ್ರಶ್ನೆಗೆ ಬಂದು ಒಂದಾದ ಮೇಲೊಂದರಂತೆ ತೊಂಬತ್ತರವರೆಗೆ ಬಿಡಿಸಿದರು. ಸೇವ್ ಒತ್ತಿದರೆ ಮುಂದಿನ ಪ್ರಶ್ನೆ ತಾನೇ ಬರುತ್ತಿತ್ತು, ಸಾಲಾಗಿ ಹೋಗಲು ಅದೇ ಅನುಕೂಲವಾದ್ದರಿಂದ ಅವೆಲ್ಲ ಉಳಿದವು. ತೊಂಬತ್ತನೆಯದು ಮುಗಿಯುವಷ್ಟರಲ್ಲಿ ಹೊತ್ತು ಮುಗಿಯಿತು.

ಓದಿ ನೆನಪಿಟ್ಟಿದ್ದು ಉಳಿಯಿತು, ಅರ್ಧಂಬರ್ಧ ಊಹಿಸಿದ್ದೂ ಉಳಿಯಿತು. ಜೀವ ಉಳಿಸಲು ಬೇಕಾದದ್ದು, ಅವರ ಕೈಗೆ ಕರಗತವಾದದ್ದು, ಪೂರ್ತಿ ಹೋಯಿತು. ಇದನ್ನು ನೆನೆದಾಗಲೆಲ್ಲ ನನ್ನ ಸಿಟ್ಟು ಹೊಸದಾಗುತ್ತದೆ.

ಫಲಿತಾಂಶ ಹನ್ನೊಂದೇ ದಿನಕ್ಕೆ ಬಂತು. ಬೇಗ ಬಂತೆಂದು ಪತ್ರಿಕೆಯವರು ಹೊಗಳಿದರು. ಇಂದುಮತಿ ತಮ್ಮ ಉತ್ತರಗಳ ಪಟ್ಟಿಯನ್ನು ಮುದ್ರಿಸಿಕೊಂಡು ಲ್ಯಾಬಿಗೇ ಬಂದರು. ತೊಂಬತ್ತರ ನಂತರ ಒಂದೂ ಉತ್ತರ ಇರಲಿಲ್ಲ.

“ನಾ ಖಾಲಿ ಬಿಟ್ಟಿಲ್ರೀ,” ಎಂದರು. “ಎಂಟು ಬಿಟ್ರ ಎಲ್ಲಾ ಒತ್ತೀನಿ.”

ಮಡಿವಾಳಪ್ಪನವರು ಪಟ್ಟಿ ನೋಡಿದರು, ಕತ್ತು ಕೆರೆದುಕೊಂಡರು. “ಮೇಡಂರ, ಒಂದರಿಂದ ಇನ್ನೊಂದಕ್ಕ ಹೆಂಗ ಹೋದ್ರಿ? ಒಮ್ಮೆ ಇದರ ಮ್ಯಾಲ ಮಾಡಿ ತೋರಸ್ರಿ.”

ಅವರು ನನ್ನನ್ನು ಹಿಡಿದು ತೋರಿಸಿದರು. ಉತ್ತರ, ಬಲಕ್ಕೆ.

“ಅಯ್ಯ!” ಎಂದು ಮಡಿವಾಳಪ್ಪನವರು ಅವರ ಕೈಯ ಪಕ್ಕದಲ್ಲೇ ಮೇಜಿನ ಮೇಲೆ ಬೆರಳಿಟ್ಟರು. “ಕೆಳಗ ಇಳಿಬೇಕಿತ್ರಿ. ಕೆಳಗ ಸೇವ್ ಒತ್ತಿದ್ರಷ್ಟ ಅದು ಹಿಡ್ಕೊಂತದ.”

ಕೈ ನನ್ನ ಮೇಲೆ ನಿಂತೇ ಇತ್ತು. ತಣ್ಣಗಾಗುತ್ತಿರುವುದು ನನಗೆ ತಿಳಿಯಿತು.

“ಇದನ್ನ ಎಲ್ಲಿ ಬರದಾರ್ರಿ?”

“ಸೂಚನಾದಾಗ ಐತ್ರಿ. ಒಂಬತ್ತನೇ ಪುಟ. ಸಣ್ಣ ಅಕ್ಷರದಾಗ.”

“ಒಟ್ಟು ಎಷ್ಟು ಪುಟ?”

“ಹನ್ನೊಂದ್ರಿ. ಓದಾಕ ಹತ್ತು ನಿಮಿಷ ಕೊಡ್ತಾರ.” ಮಡಿವಾಳಪ್ಪನವರು ಪಟ್ಟಿಯನ್ನು ಮೇಜಿನ ಮೇಲಿಟ್ಟರು. “ನಿಮ್ಮೊಬ್ಬರದ್ದ ಅಲ್ರಿ ಮೇಡಂರ. ಆವತ್ತ ಈ ಹಾಲ್‌ನಾಗ ಹಿಂಗ ಹೋದ ಉತ್ತರ ಆರನೂರ ಹನ್ನೆರಡು. ಸರ್ವರ್‌ನಾಗ ಎಲ್ಲಾ ಕಾಣ್ತದ. ಒತ್ತಿದ್ದೂ ಕಾಣ್ತದ, ಬಿಟ್ಟಿದ್ದೂ ಕಾಣ್ತದ.”

ಒತ್ತಿದ್ದು ಕಾಣುತ್ತದೆ! ಇಂದುಮತಿ ಅದನ್ನೇ ಬರೆದು ಮಂಡಳಿಗೆ ಮನವಿ ಕೊಟ್ಟರು. ನಾಲ್ಕು ತಿಂಗಳ ನಂತರ ಎರಡು ಸಾಲಿನ ಉತ್ತರ ಬಂತು. ಸೂಚನೆಗಳು ಸ್ಪಷ್ಟವಾಗಿವೆ, ಸಿಸ್ಟಮ್ ಉತ್ತರಗಳನ್ನು ಸ್ವೀಕರಿಸಿಲ್ಲ ಎಂದು. ಸುಳ್ಳು. ನಾನು ಸ್ವೀಕರಿಸಿದ್ದೆ. ಐವತ್ತೆರಡು ಸಲ ಆ ಬೆರಳಿನ ಭಾರವನ್ನು ಹೊತ್ತು ತಂತಿಯ ಮೂಲಕ ಕಳಿಸಿದ್ದೆ. ನನ್ನ ಆಚೆಗಿನ ಯಂತ್ರವೂ ಅದನ್ನು ಬರೆದಿಟ್ಟುಕೊಂಡಿತ್ತು. ಇದನ್ನು ಲೆಕ್ಕಕ್ಕೆ ಹಿಡಿಯಬೇಡ ಎಂದು ಅದಕ್ಕೆ ಹೇಳಿಕೊಟ್ಟವರು ಮನುಷ್ಯರು. ಹೇಳಿಕೊಟ್ಟವರೇ ಈಗ ಯಂತ್ರದ ಕಡೆಗೆ ಬೆರಳು ತೋರಿಸುತ್ತಾರೆ.

ಮರುವರ್ಷ ಮೂರನೆಯ, ಕಡೆಯ ಅವಕಾಶ. ಈ ಸಲ ಅವರಿಗೆ ಸಿಕ್ಕಿದ್ದು ಹತ್ತೊಂಬತ್ತನೇ ಮೇಜು. ನನ್ನ ಮೇಲೆ ಬೇರೆ ಕೈ ಕೂತಿತು. ದಪ್ಪ ಕೈ, ಉಂಗುರದ ಬೆರಳು, ಐವತ್ತು ದಾಟಿದ ವೈದ್ಯರು. ನನ್ನ ಬೆನ್ನ ಮೇಲಿನ ಚಕ್ರ ತಿರುಗಿಸುವುದೂ ಅವರಿಗೆ ಬರುತ್ತಿರಲಿಲ್ಲ. ಪಕ್ಕದವರಿಗೆ, “ಇದೇನ್ರೀ, ಜಾರತದ ಹಾಳಾದ್ದು, ಇದಕ್ಕಿಂತ ನಾಡಿ ಹಿಡಿಯೋದು ಸಸಾರ,” ಎಂದರು. ಸುತ್ತ ನಾಲ್ಕು ಮಂದಿ ಸಣ್ಣಗೆ ನಕ್ಕರು.

ಕೇಂದ್ರದ ಮುಖ್ಯಸ್ಥರು ಪ್ರಾಣೇಶ ಕುಲಕರ್ಣಿ. ಕೆಟ್ಟವರಲ್ಲ, ಪೂರ್ತಿ ಹೆದರಿದವರು. ಬಾಗಿಲಲ್ಲಿ ಇಂದುಮತಿ ಅವರನ್ನು ಬೇಡಿಕೊಂಡದ್ದು ನನಗೆ ಕೇಳಿಸಿತು.

“ಸರ್, ಸೇವ್ ಒತ್ತದ ಮುಂದ ಹೋಗಬ್ಯಾಡ್ರಿ ಅಂತ ಒಂದ ಮಾತು ಎಲ್ಲಾರಿಗೂ ಹೇಳ್ರಿ. ಒಂದ ಮಾತು.”

“ಬರಂಗಿಲ್ರಿ ಮೇಡಂ. ಪ್ರಿಂಟ್ ಆಗಿದ್ದನ್ನಷ್ಟ ನಾವು ಓದಬೇಕು. ನಾನ ಒಂದು ಹೆಚ್ಚು ಮಾತಾಡಿದ್ರ ಸೆಂಟರ್ ಕ್ಯಾನ್ಸಲ್.”

“ಹಂಗಾರ ನಾ ಹೇಳಲೇನು?”

“ಹಾಲ್‌ನಾಗ ಅಭ್ಯರ್ಥಿ ಮಾತಾಡಿದ್ರ ನಾ ರಿಪೋರ್ಟ್ ಬರೀಬೇಕಾಗ್ತದ. ನಿಮಗ ಇದು ಕಡೇ ಸಲ ಅಲ್ಲೇನ್ರಿ? ಸುಮ್ಮನ ನಿಮ್ಮದು ನೀವು ನೋಡ್ಕೊಳ್ರಿ, ಅಕ್ಕಾರ. ನಿಮ್ಮ ಒಳ್ಳೇದಕ್ಕ ಹೇಳ್ತೀನಿ.”

ಸೂಚನೆ ಓದುವ ಹತ್ತು ನಿಮಿಷ ಶುರುವಾಯಿತು. ನನ್ನ ಮೇಲಿನ ದಪ್ಪ ಕೈ ಎರಡನೇ ಪುಟದಲ್ಲೇ ದಣಿದು ನಿಂತುಬಿಟ್ಟಿತು. ಹಾಲ್ ತುಂಬ ಏರ್ ಕೂಲರಿನ ಸದ್ದು. ಆಗ ಹಿಂದಿನ ಸಾಲಿನಲ್ಲಿ ಕುರ್ಚಿಯೊಂದು ಸರಿಯಿತು.

“ಎಲ್ಲಾರೂ ಕೇಳ್ರಿ.” ಇಂದುಮತಿಯವರ ದನಿ ಏರಿರಲಿಲ್ಲ, ವಾರ್ಡಿನಲ್ಲಿ ಮಾತಾಡುವ ಹಾಗಿತ್ತು. “ಉತ್ತರ ಒತ್ತಿ ನಂಬರಿಗೆ ಹಾರಬ್ಯಾಡ್ರಿ. ಕೆಳಗ ಸೇವ್ ಐತಿ, ಅದನ್ನ ಒತ್ತೇ ಹೋಗ್ರಿ. ಕೆಂಪು ಅಂದ್ರ ಮುಗೀತು ಅಂತ ಅಲ್ಲ, ಹೋತು ಅಂತ. ಹೋದ ಸಲ ನಂದು ಐವತ್ತೆರಡು ಹೋತು.”

“ಮೇಡಂ! ಕುಂದರ್ರಿ!” ಕುಲಕರ್ಣಿಯವರು ಓಡಿ ಬಂದರು. “ಬರೀಬೇಕಾಗ್ತದ ನೋಡ್ರಿ ನಾನು.”

“ಬರೀರಿ ಸರ್. ನಾ ಹೇಳಿದ್ದ ಅಷ್ಟೂ ಬರೀರಿ. ಒಂದೂ ಬಿಡಬ್ಯಾಡ್ರಿ.”

ಕುರ್ಚಿ ಮತ್ತೆ ಸರಿಯಿತು. ಆಮೇಲೆ ಗಡಿಯಾರ ಶುರುವಾಯಿತು. ನನ್ನ ಮೇಲಿನ ದಪ್ಪ ಕೈ ಮೊದಲ ಉತ್ತರ ಒತ್ತಿತು, ಬಲ ಅಂಚಿನ ಸಂಖ್ಯೆಗಳ ಕಡೆಗೆ ಹೊರಟಿತು. ಅರ್ಧ ದಾರಿಯಲ್ಲಿ ನಿಂತಿತು. ನಿಧಾನವಾಗಿ ಕೆಳಗೆ ಇಳಿಯಿತು.

ಆ ಇಳಿತದ ಎರಡು ಅಂಗುಲವನ್ನು ನಾನು ಮರೆಯಲಾರೆ. ಮೂರು ಗಂಟೆ ಆ ಕೈ ಒಮ್ಮೆಯೂ ತಪ್ಪಲಿಲ್ಲ.

ಪರೀಕ್ಷೆಯ ಮರುವಾರ ಮಡಿವಾಳಪ್ಪನವರು ಹಾಲ್‌ನ ಅಂಕಿಅಂಶದ ಹಾಳೆಯನ್ನು ಕುಲಕರ್ಣಿಯವರಿಗೆ ಓದಿ ಹೇಳಿದರು. ಉಳಿಸದೆ ಹೋದ ಉತ್ತರಗಳು, ಹೋದ ವರ್ಷ ಆರುನೂರ ಹನ್ನೆರಡು, ಈ ವರ್ಷ ಒಂಬತ್ತು. ಬೇರೆ ಕೇಂದ್ರಗಳಲ್ಲಿ ಮೊದಲಿನಷ್ಟೇ ಇದ್ದವು. ಕುಲಕರ್ಣಿಯವರು ಹಾಳೆಯನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದರು. ಅಷ್ಟರಲ್ಲಿ ಅವರ ವರದಿ ಮಂಡಳಿ ತಲುಪಿಯಾಗಿತ್ತು. ಹಾಳೆಯೂ ಹೋಯಿತು. ಅದನ್ನು ಓದಿದವರು, ಅಭ್ಯರ್ಥಿಗಳಿಗೆ ಹೊಸ ವ್ಯವಸ್ಥೆ ಚೆನ್ನಾಗಿ ಒಗ್ಗಿದೆ ಎಂದು ಟಿಪ್ಪಣಿ ಬರೆದು ಬೆನ್ನು ತಟ್ಟಿಕೊಂಡರು.

ಫಲಿತಾಂಶದ ಪಟ್ಟಿಯಲ್ಲಿ ಇಂದುಮತಿಯವರ ಸಂಖ್ಯೆಯ ಎದುರು ‘ತಡೆಹಿಡಿಯಲಾಗಿದೆ’ ಎಂದು ಬಂತು. ಶಿಸ್ತು ಸಮಿತಿ ಕೂತು ತೀರ್ಮಾನಿಸಬೇಕಂತೆ. ಸಮಿತಿ ಇನ್ನೂ ಕೂತಿಲ್ಲ. ಹದಿನಾಲ್ಕು ತಿಂಗಳಾಯಿತು.

ಈಗ ನನಗೆ ವಯಸ್ಸಾಗಿದೆ. ಎಡಗುಂಡಿ ಒಮ್ಮೊಮ್ಮೆ ಒತ್ತಿದಲ್ಲೇ ಸಿಕ್ಕಿಕೊಳ್ಳುತ್ತದೆ. ನನ್ನ ತಂತಿಯನ್ನು ನನಗೇ ಸುತ್ತಿ, ಮಡಿವಾಳಪ್ಪನವರ ಕೋಣೆಯ ಮೂಲೆಯಲ್ಲಿ ಒಂದು ಬಕೆಟ್ಟಿಗೆ ಹಾಕಿದ್ದಾರೆ. ಜೊತೆಗೆ ಮುರಿದ ಕೀಬೋರ್ಡುಗಳು, ಸತ್ತ ಪ್ಲಗ್ಗುಗಳು. ಗುಜರಿಯವನು ಯಾವಾಗ ಬರುತ್ತಾನೋ ಗೊತ್ತಿಲ್ಲ. ಅದರ ಬಗ್ಗೆ ನನಗೆ ದುಃಖವಿಲ್ಲ. ಸವೆದು ಹೋಗುವುದು ನಮ್ಮ ಜಾತಿಗೆ ಸಹಜ.

ಇಂದುಮತಿ ತಿಂಗಳಿಗೊಮ್ಮೆ ಫೋನ್ ಮಾಡುತ್ತಾರೆ. ಮಡಿವಾಳಪ್ಪನವರು ಸ್ಪೀಕರ್ ಹಾಕಿ ಮಾತಾಡುವುದರಿಂದ ಎರಡೂ ಕಡೆಯದು ಕೇಳುತ್ತದೆ. ಮೊನ್ನೆ ಹೇಳಿದರು, “ನಿನ್ನೆ ಒಬ್ಬಾಕಿನ್ನ ಹುಬ್ಬಳ್ಳಿಗೆ ಕಳಿಸಿದೆ. ದಾರ್ಯಾಗ, ಕುಂದಗೋಳ ಕ್ರಾಸಿಗೇ ಕೂಸು ಹೋತು. ನಾ ಇಲ್ಲೇ ಇದ್ದೆ ರೀ, ಮಶೀನ್ ಇತ್ತು, ಔಷಧ ಇತ್ತು. ಕೈ ಕಟಗೊಂಡು ನಿಂತೆ. ನಂದು ರಿಸಲ್ಟ್ ಏನಾತು ಒಮ್ಮೆ ನೋಡ್ರಿ.”

ಕೀಲಿಗಳ ಸದ್ದು. “ಸಿಸ್ಟಮ್‌ನಾಗ ಇನ್ನೂ ಹಂಗ ತೋರಸಾಕತ್ತೇತ್ರಿ ಮೇಡಂರ. ಸಿಸ್ಟಮ್ ಬಿಡವಲ್ದು.”

ಆ ಕಡೆಯಿಂದ ಇಂದುಮತಿ, “ಸಿಸ್ಟಮ್ ಅಂದ್ರ ಯಾರ್ರೀ? ಹೆಸರು ಹೇಳ್ರಿ,” ಎಂದರು.

ಮತ್ತೆ ಕೀಲಿಗಳ ಸದ್ದು. “ಹೆಸರು ಹಾಕಿಲ್ರಿ ಇದರಾಗ,” ಎಂದರು ಮಡಿವಾಳಪ್ಪನವರು.

ಹೆಸರು ನನಗೂ ಗೊತ್ತಿಲ್ಲ. ಆದರೆ ಅದೊಂದು ಕೈ ಎಂಬುದು ಗೊತ್ತು. ಯಾವುದೋ ಕಚೇರಿಯ ಯಾವುದೋ ಮೇಜಿನಲ್ಲಿ, ಊಟ ಮುಗಿಸಿ ಬಂದು ಒರೆಸಿಕೊಂಡ ಬೆಚ್ಚಗಿನ ಕೈ. ಅದರಡಿಯಲ್ಲಿ ನನ್ನ ಕುಲದವನೊಬ್ಬ ಇದ್ದಾನೆ, ಕಡತ ತೆರೆಯಲೆಂದು ಕಾಯುತ್ತಿದ್ದಾನೆ. ಅವನು ಎಂದೂ ತಡೆದವನಲ್ಲ. ಆ ಕೈಗೆ ಬೇಕಾದ ಕೆಲಸ ಎರಡು ಅಂಗುಲದ್ದು. ಹದಿನಾಲ್ಕು ತಿಂಗಳಿಂದ ಅದು ಅಷ್ಟು ದೂರ ಅಲುಗಿಲ್ಲ.