ತತ್ತಿಯ ಚಿಪ್ಪು

ಮುದಕವ್ವನಿಗೆ ಹಕ್ಕಿಗಳ ಮೇಲೆ ಸಿಟ್ಟಿರಲಿಲ್ಲ. ದಾಂಡೇಲಿಯ ಮಿಲ್ ಕ್ವಾರ್ಟರ್ಸಿನ ಆ ಎರಡು ಕೋಣೆಯ ಮನೆಯಲ್ಲಿ ಬೆಳಗಿನಿಂದ ಸಂಜೆತನಕ ಚಿಲಿಪಿಲಿ ಎನ್ನುವ ಫಿಂಚ್ ಹಕ್ಕಿಗಳ ಜೋಡಿ ಇದ್ದರೆ ಇರಲಿ. ಅವಳ ತಕರಾರೆಲ್ಲ ತತ್ತಿಯ ಚಿಪ್ಪಿನದು.

"ತತ್ತಿ ಇಡೂ ಹಕ್ಕಿಗೆ ಬರೇ ನವಣಿ ಸಾಲಂಗಿಲ್ಲಂತ್ರಿ ಅತ್ತಿ. ಕೋಳಿ ತತ್ತಿ ಚಿಪ್ಪು ಕುದಿಸಿ, ಒಣಗಿಸಿ, ಪುಡಿ ಮಾಡಿ ಹಾಕಬೇಕು, ಇಲ್ಲಂದ್ರ ತತ್ತಿ ಒಳಗ ಸಿಕ್ಕೋತೈತಿ ಅಂತ ಹಕ್ಕಿ ಮಾರಾಂವ ಹೇಳ್ಯಾನ," ಎಂದಿದ್ದಳು ಸೊಸೆ ಅನ್ನಪೂರ್ಣಾ.

"ಲಿಂಗಾ ಕಟ್ಟೂ ಮನಿ ಇದು. ನಾ ಸತ್ತ ಮ್ಯಾಲ ಏನರ ತರ್ರಿ," ಎಂದುಬಿಟ್ಟಳು ಮುದಕವ್ವ. ಮಗ ಸುಭಾಸ ಪಾಳಿ ಮುಗಿಸಿ ಬರುವಾಗ ಗಾಡಿಯ ಮುಂದೆ ನಿಂತು ಆಮ್ಲೆಟ್ ತಿನ್ನುವುದು ಓಣಿಗೆಲ್ಲ ಗೊತ್ತಿತ್ತು. ಮುದಕವ್ವ ಮಾತ್ರ ಗೊತ್ತಿಲ್ಲದವಳ ಹಾಗೆ ಇದ್ದಳು. ಹೊಸ್ತಿಲಾಚೆಯದು ಅವಳ ಲೆಕ್ಕಕ್ಕಿಲ್ಲ.

ಅನ್ನಪೂರ್ಣಾ ಎದುರಾಡಲಿಲ್ಲ. ಅವಳು ಮಾತಾಡುವುದೇ ಅಪರೂಪವಾಗಿತ್ತು. ಹೋದ ವರ್ಷ ಹೆತ್ತ ಕೂಸು ವಾರದೊಳಗೇ ತೀರಿಕೊಂಡಿತು. ಹುಟ್ಟಿನಿಂದಲೇ ಹೃದಯ ಸರಿಯಿರಲಿಲ್ಲ ಎಂದರು ಡಾಕ್ಟರು. ಗೋಡೆಗೆ ಮುಖ ಮಾಡಿ ಮಲಗಿದವಳು ಎದ್ದದ್ದು ಸುಭಾಸ ಈ ಪಂಜರ ತಂದ ದಿನವೇ. ತೇರಗಾಂವದಿಂದ ತರಿಸಿದ ನವಣೆಯ ಹೊಟ್ಟು ಊದಿ ತೆಗೆಯುವಳು, ನೀರು ಬದಲಿಸುವಳು, ಪಂಜರದ ತಟ್ಟೆ ತಿಕ್ಕುವಳು, ಕೊತ್ತಂಬರಿ ತೊಳೆದು ಸರಳಿಗೆ ಕಟ್ಟುವಳು. ಮರಿ ಬಂದರೆ ಸೊಸೆ ಒಮ್ಮೆಯಾದರೂ ನಕ್ಕಾಳು ಎಂದು ಮುದಕವ್ವನೂ ಒಳಗೊಳಗೇ ಆಸೆಪಟ್ಟಿದ್ದಳು. ಆದರೆ ಚಿಪ್ಪಿನ ವಿಷಯದಲ್ಲಿ ಹಟ ಹಟವೇ.

ಒಂದು ಬೆಳಿಗ್ಗೆ ಹೆಣ್ಣು ಹಕ್ಕಿ ಪಂಜರದ ತಳಕ್ಕಿಳಿದು ಮೈ ಉಬ್ಬಿಸಿ ಕೂತಿತ್ತು. ಉಸಿರಿಗೊಮ್ಮೆ ಬಾಲ ಏಳುತ್ತಿತ್ತು, ಬೀಳುತ್ತಿತ್ತು.

"ತತ್ತಿ ಒಳಗ ಸಿಕ್ಕೊಂಡೈತ್ರಿ. ದನದ ಡಾಕ್ಟರ್ನ ಕೇಳಿ ಬರ್ತೇನಿ. ಬೆಚ್ಚಗಿರಲಿ, ಮುಟ್ಟಬ್ಯಾಡ್ರಿ," ಎಂದು ಅನ್ನಪೂರ್ಣಾ ಪಂಜರದ ಹತ್ತಿರ ಬಲ್ಬು ಹಚ್ಚಿಟ್ಟು ಓಡಿದಳು.

ಮುದಕವ್ವ ಪಂಜರದ ಮುಂದೆ ಕೂತಳು. ತನ್ನ ಹಟದಿಂದ ಈ ಜೀವ ಹೋದರೆ ಸೊಸೆ ಮತ್ತೆ ಗೋಡೆಗೆ ತಿರುಗುತ್ತಾಳೆ, ಈ ಸಲ ಏಳುವುದಿಲ್ಲ. ಹೆರಿಗೆಯ ಸಂಕಟ ತನಗೆ ಗೊತ್ತಿಲ್ಲದ್ದೇ? ಎಲುಬು ಗಟ್ಟಿಯಾಗಲೆಂದು ಓಣಿಯ ಎಷ್ಟು ಬಾಣಂತಿಯರಿಗೆ ಎಲೆಗೆ ಸುಣ್ಣ ಹಚ್ಚಿ ಮಡಚಿ ಕೊಟ್ಟಿಲ್ಲ ಅವಳು! ಹಕ್ಕಿಯಾದರೇನು, ಇದೂ ಹೆಣ್ಣೇ. ಎಲೆ ಅಡಿಕೆಯ ಸಂಚಿಯಿಂದ ಸುಣ್ಣ ತೆಗೆದು ನೀರಿನಲ್ಲಿ ಕದಡಿದಳು. ಹಕ್ಕಿಯನ್ನು ಅಂಗೈಯಲ್ಲಿಟ್ಟುಕೊಂಡು ಹತ್ತಿಯ ಬತ್ತಿಯಿಂದ ಕೊಕ್ಕಿನೊಳಗೆ ಮೆಲ್ಲಗೆ ಹನಿಸಿದಳು.

ಹಕ್ಕಿ ತಲೆ ಕೊಡವಿತು. ಬಾಯಿ ತೆರೆದದ್ದು ಮುಚ್ಚಲಿಲ್ಲ. ಒಂದಿಷ್ಟು ರೆಕ್ಕೆ ಬಡಿದು ಅವಳ ಕೈಯಲ್ಲೇ ಸುಮ್ಮನಾಯಿತು.

ಅನ್ನಪೂರ್ಣಾ ಏದುಸಿರು ಬಿಡುತ್ತ ಬಂದಳು, ಕೈಯಲ್ಲಿ ಔಷಧದ ಬಾಟಲಿ. "ಉಳಿತೈತಿ ಅಂದಾರ್ರೀ ಡಾಕ್ಟ್ರು..." ಎನ್ನುತ್ತಲೇ ನಿಂತಳು. ಕೊಕ್ಕಿನ ಸುತ್ತ ಬೆಳ್ಳಗಾಗಿತ್ತು.

"ಸುಣ್ಣದ ನೀರ ಹಾಕಿದ್ನೆವ್ವಾ. ಬಾಣಂತಿಗೆ ಕೊಡೂಹಂಗ. ಛಲೋ ಆಗ್ಲೆಂತ..." ಮುದಕವ್ವ ಹಕ್ಕಿಯಿದ್ದ ಅಂಗೈ ಮುಂದೆ ಚಾಚಿದಳು.

ಅನ್ನಪೂರ್ಣಾ ಅಳಲಿಲ್ಲ, ಬೈಯಲಿಲ್ಲ. ಎಷ್ಟೋ ತಿಂಗಳ ಮೇಲೆ ಅತ್ತೆಯ ಮುಖವನ್ನು ನೇರವಾಗಿ ನೋಡಿದಳು.

"ಅತ್ತಿ, ನನ್ನ ಕೂಸಿಗೆ ಏನೇನ ಕುಡಿಸಿದ್ರಿ?"

ಮುದಕವ್ವ ಬಾಯಿ ತೆರೆದಳು. ಬಜೆ, ಜಾಯಿಕಾಯಿ ತೇಯ್ದು ನೆಕ್ಕಿಸಿದ್ದು ನಿಜ. ಸುಭಾಸನಿಗೂ ನೆಕ್ಕಿಸಿದ್ದಳು, ಓಣಿಯ ಎಲ್ಲ ಕೂಸುಗಳಿಗೂ. ಅದರಿಂದ ಹೋಗಲಿಲ್ಲ ನಿನ್ನ ಮಗು, ಡಾಕ್ಟರೇ ಹೇಳಿದ್ದಾರಲ್ಲ, ಎನ್ನಬೇಕು. ಆ ಮಾತು ನಾಲಿಗೆಗೆ ಬರಲಿಲ್ಲ. ಅದು ನಿಜವೋ ಅಲ್ಲವೋ ಈಗ ಅವಳಿಗೇ ಗೊತ್ತಿರಲಿಲ್ಲ.