ಇಬ್ಬರು ಓದಿದ ಸುದ್ದಿ

ಐವತ್ನಾಲ್ಕು ವರ್ಷದ ಹೆಂಗಸನ್ನು ‘ಪುಟ್ಟಿ’ ಎಂದು ಕರೆಯುವವರು ಲೋಕದಲ್ಲಿ ಒಬ್ಬರೇ ಉಳಿದಿದ್ದರು, ಅವಳ ಭಾವ. ಮಿಕ್ಕವರಿಗೆಲ್ಲ ಅವಳು ಪೇಪರಮ್ಮ. ನೀರಿನ ಕಚೇರಿಯ ಗುಮಾಸ್ತನಿಗೆ ಪೇಪರಮ್ಮ, ಆಸ್ಪತ್ರೆಯ ಗೇಟಿನ ಕಾವಲುಗಾರನಿಗೆ ಪೇಪರಮ್ಮ, ಅವಳ ಕಚೇರಿಯ ಕೆಳಗಿನ ಟೈರ್ ಅಂಗಡಿಯವನಿಗಂತೂ ‘ಮಹಡಿ ಪೇಪರಮ್ಮ’. ಅವಳು ಹೋದಲ್ಲೆಲ್ಲ ಜನ ಮೊದಲು ಕಡತ ಮುಚ್ಚಿ ಆಮೇಲೆ ನಮಸ್ಕಾರ ಹೇಳುತ್ತಿದ್ದರು.

ಪತ್ರಿಕೆ ಎಂದರೆ ವಾರಕ್ಕೊಮ್ಮೆ ನಾಲ್ಕು ಪುಟ. ಜಾಹೀರಾತಿಲ್ಲ, ಮಾಲೀಕನಿಲ್ಲ, ಲಾಭದ ಮಾತಂತೂ ಇಲ್ಲವೇ ಇಲ್ಲ. ಒಂದು ಟ್ರಸ್ಟು, ಅದಕ್ಕೆ ಅಧ್ಯಕ್ಷರಾಗಿ ಒಬ್ಬ ನಿವೃತ್ತ ಹಲ್ಲಿನ ಡಾಕ್ಟರು, ತಿಂಗಳಿಗಿಷ್ಟು ಎಂದು ಕೈಲಾದದ್ದನ್ನು ಕೊಡುವ ಓದುಗರು. ದೊಡ್ಡ ಪತ್ರಿಕೆಗಳು ಮೂಸಿಯೂ ನೋಡದ ಸುದ್ದಿಯೇ ಇದರ ಹೊಟ್ಟೆಪಾಡು: ಯಾವ ಬೀದಿಗೆ ನೀರು ಬಂದಿಲ್ಲ, ಯಾವ ಶಾಲೆಯ ಚಾವಣಿ ಸೋರುತ್ತಿದೆ, ಯಾರ ಪಿಂಚಣಿ ಯಾರ ಮೇಜಿನ ಮೇಲೆ ನಿದ್ದೆ ಹೊಡೆಯುತ್ತಿದೆ. ಆರಂಭದಲ್ಲಿ ಐದು ಜನರಿದ್ದರು. ಒಬ್ಬ ಟಿವಿಗೆ ಹೋದ, ಒಬ್ಬಳು ಸರ್ಕಾರಿ ಕೆಲಸ ಸಿಕ್ಕಿ ಹೋದಳು, ಇನ್ನೊಬ್ಬ ಜಗಳವಾಡಿಕೊಂಡು ಹೋದ, ನಾಲ್ಕನೆಯವನು ಯಾಕೆ ಹೋದನೆಂದು ಪೇಪರಮ್ಮನಿಗೆ ಇವತ್ತಿಗೂ ತಿಳಿಯದು. ಕುರ್ಚಿ ಮಾತ್ರ ಐದೂ ಉಳಿದುಕೊಂಡಿದ್ದವು. ಒಂದರ ಮೇಲೆ ಅವಳು ಕೂರುತ್ತಿದ್ದಳು, ನಾಲ್ಕರ ಮೇಲೆ ಹಳೆಯ ಸಂಚಿಕೆಗಳು ಕೂತಿದ್ದವು.

ಈ ಪತ್ರಿಕೆಗೊಂದು ನೇಮವಿತ್ತು. ಬರೆದವರಲ್ಲದೆ ಇನ್ನೊಬ್ಬರು ಪೂರ್ತಿ ಓದದೆ ಒಂದು ಸಾಲೂ ಅಚ್ಚಿಗೆ ಹೋಗಬಾರದು. ತನ್ನ ಬೆನ್ನು ತನಗೆ ಕಾಣದು ಎಂದು ಮೊದಲ ಸಂಚಿಕೆಯಲ್ಲೇ ಬರೆದುಕೊಂಡಿದ್ದಳು. ಪ್ರತಿ ವರದಿಯ ಕೆಳಗೂ ‘ಇಬ್ಬರು ಓದಿದ ಸುದ್ದಿ’ ಎಂಬ ಸಣ್ಣ ಸಾಲು ಇರುತ್ತಿತ್ತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂದು ಬೇರೆ ಪತ್ರಿಕೆಯವರು ನಗುತ್ತಿದ್ದರು. ಆದರೆ ಓದುಗರು ಆ ಸಾಲನ್ನು ನಂಬಿಯೇ ಪತ್ರಿಕೆಯನ್ನು ಎಂಟು ವರ್ಷ ಸಾಕಿದ್ದರು.

ಆ ಎರಡನೆಯವರೇ ಭಾವ. ತೀರಿಹೋದ ಅಕ್ಕನ ಗಂಡ. ಕೋರ್ಟಿನಲ್ಲಿ ಮೂವತ್ತೈದು ವರ್ಷ ತೀರ್ಪುಗಳನ್ನು ಟೈಪ್ ಮಾಡಿದವರು, ನ್ಯಾಯಾಧೀಶರ ತಪ್ಪನ್ನೂ ಅವರಿಗೆ ತಿಳಿಯದಂತೆ ಸರಿಪಡಿಸಿದ್ದೆ ಎಂದು ಹೇಳಿಕೊಳ್ಳುವವರು. ಊರಿನ ಇನ್ನೊಂದು ತುದಿಯಲ್ಲಿ ಒಂಟಿಯಾಗಿದ್ದರು. ಬುಧವಾರ ಸಂಜೆ ಪೇಪರಮ್ಮ ವಾರದ ವರದಿಗಳ ಲಕೋಟೆಯನ್ನು ಆ ಕಡೆ ಹೋಗುವ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದಳು. ಭಾವ ತಮ್ಮ ಸ್ಟಾಪಿನಲ್ಲಿ ನಿಂತು ಅದನ್ನು ಇಸಿದುಕೊಳ್ಳುತ್ತಿದ್ದರು. ಗುರುವಾರ ಬೆಳಿಗ್ಗೆ ಹತ್ತಕ್ಕೆ ಅವಳು ಫೋನ್ ಮಾಡಿದರೆ ಅವರು ಸಾಲು ಸಾಲಾಗಿ ತಕರಾರು ತೆಗೆಯುತ್ತಿದ್ದರು. ಇಲ್ಲಿ ಇಪ್ಪತ್ತು ಮನೆ ಅಂದಿದ್ದೀಯ, ಅಲ್ಲಿ ಇಪ್ಪತ್ತೆರಡು ಮನೆ ಅಂದಿದ್ದೀಯ, ಆ ಎರಡು ಮನೆ ನಡುವೆ ಎಲ್ಲಿಂದ ಎದ್ದು ಬಂದವು ಎಂದು ಕೇಳುತ್ತಿದ್ದರು. ಒಂದು ಗಂಟೆಗೆ ಕಡಿಮೆಯಿಲ್ಲದ ಪಂಚಾಯಿತಿ. ವಾರವಿಡೀ ಅವಳು ನೂರು ಜನರೊಂದಿಗೆ ಮಾತಾಡುತ್ತಿದ್ದಳು, ಆದರೆ ಅವಳೊಂದಿಗೆ ಮಾತಾಡುತ್ತಿದ್ದವರು ಭಾವ ಮಾತ್ರ.

ಇತ್ತೀಚೆಗೆ ನಾಲ್ಕು ತಿಂಗಳಿಂದ ಭಾವ ತಕರಾರು ನಿಲ್ಲಿಸಿದ್ದರು. “ಚೆನ್ನಾಗಿದೆ ಪುಟ್ಟಿ, ಕೈಯಿಡೋ ಹಾಗಿಲ್ಲ” ಎನ್ನುತ್ತಿದ್ದರು. ಆಮೇಲೆ, ಆ ವರದಿಯಲ್ಲಿ ಏನೇನು ನಡೆಯಿತೆಂದು ಅವಳ ಬಾಯಿಂದಲೇ ಹೇಳಿಸಿಕೊಂಡು ಹೂಂಗುಟ್ಟುತ್ತಿದ್ದರು. ಪೇಪರಮ್ಮ ಹಿಗ್ಗಿ ಹೀರೇಕಾಯಿಯಾದಳು. ಮೂವತ್ತು ವರ್ಷ ಬರೆದ ಮೇಲೆ ಕೊನೆಗೂ ತಪ್ಪಿಲ್ಲದೆ ಬರೆಯುವುದು ತನಗೆ ಸಿದ್ಧಿಸಿತು ಎಂದುಕೊಂಡಳು. ಬೇರೆಯವರ ಮಾತಿನಲ್ಲಿ ಕೂದಲು ಸೀಳಿ ಸುಳ್ಳು ಹುಡುಕುವ ಹೆಂಗಸು, ಹೊಗಳಿಕೆ ಬಂದಾಗ ಮಾತ್ರ ಯಾಕೆ ಏನು ಎಂದು ಕೇಳಲಿಲ್ಲ. ನಾವೆಲ್ಲ ಅಷ್ಟೇ ಬಿಡಿ.

ಒಂದು ಸೋಮವಾರ ಮಧ್ಯಾಹ್ನ ಪಂಪ್‌ಹೌಸಿನ ಆಪರೇಟರ್ ಮೆಟ್ಟಿಲು ಹತ್ತಿ ಬಂದ. ಹಿಂದಿನ ವಾರದ ಸಂಚಿಕೆಯಲ್ಲಿ ಅವನ ಹೆಸರಿತ್ತು. ಪಂಪು ಕೆಟ್ಟು ಎರಡು ದಿನ ಊರಿನ ಅರ್ಧ ಭಾಗಕ್ಕೆ ನೀರಿಲ್ಲದಾಗ ಡ್ಯೂಟಿಯಲ್ಲಿ ಇರಬೇಕಾದವನು ಇರಲಿಲ್ಲ ಎಂಬ ವರದಿ. ಕೂರಲು ಜಾಗ ಮಾಡಿಕೊಡೋಣವೆಂದು ಅವಳು ಒಂದು ಕುರ್ಚಿಯ ಮೇಲಿನ ಕಟ್ಟು ಎತ್ತಿದಳು. ಅವನು ಕೂರಲಿಲ್ಲ. ಪತ್ರಿಕೆಯನ್ನು ಮೇಜಿನ ಮೇಲೆ ಬಿಡಿಸಿಟ್ಟು, ಬೆರಳಿಟ್ಟು ತೋರಿಸಿದ.

“ಮೂರನೇ ಪ್ಯಾರಾ ನೋಡಿ. ಹಗಲು ಪಾಳಿಯವನು ಬಂದಿದ್ದ, ರಾತ್ರಿ ಪಾಳಿಯವನು ಬಂದಿರಲಿಲ್ಲ ಅಂತಿದೆ. ಹಗಲು ಪಾಳಿ ನಂದು. ಈಗ ಏಳನೇದು ನೋಡಿ. ಬರದೇ ಇದ್ದವನು ನಾನು ಅಂತಿದೆ.” ಅವನ ಬೆರಳು ಕೆಳಗಿಳಿದು ಸಣ್ಣ ಅಕ್ಷರದ ಸಾಲಿನ ಮೇಲೆ ನಿಂತಿತು. “ಇದನ್ನ ನಿಜವಾಗ್ಲೂ ಇಬ್ರು ಓದಿದ್ರಾ ಅಮ್ಮ?”

ಅವನು ದನಿಯೇರಿಸಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. ಕಚೇರಿಯಿಂದ ತನಗೆ ನೋಟಿಸು ಬಂದಿದೆ, ಮಗಳ ಶಾಲೆಯಲ್ಲೂ ಮಾತಾಗಿದೆ ಎಂದಷ್ಟೇ ಹೇಳಿ ಇಳಿದು ಹೋದ. ಪೇಪರಮ್ಮ ವರದಿಯನ್ನು ಮೂರು ಸಲ ಓದಿದಳು. ತಪ್ಪು ಕಣ್ಣಿಗೆ ಹೊಡೆಯುವಂತಿತ್ತು. ಅವಳು ಬರೆಯುವ ಭರದಲ್ಲಿ ಎಡವಿದ್ದಳು ಸರಿ, ಆದರೆ ಇಪ್ಪತ್ತಕ್ಕೂ ಇಪ್ಪತ್ತೆರಡಕ್ಕೂ ಜಗಳ ತೆಗೆಯುವ ಭಾವ ಇದನ್ನು ಬಿಟ್ಟಾರೆಯೇ? ಆಗ ಅವಳಿಗೆ ನಾಲ್ಕು ತಿಂಗಳ ‘ಚೆನ್ನಾಗಿದೆ’ ಒಟ್ಟಿಗೇ ನೆನಪಾಯಿತು.

ಅಧ್ಯಕ್ಷರಿಗೆ ಫೋನ್ ಮಾಡಿದಳು. ಹಲ್ಲಿನ ಡಾಕ್ಟರು ಸಾವಧಾನವಾಗಿ ಕೇಳಿಸಿಕೊಂಡು, ಅಚ್ಚಿನ ದೋಷ ಎಂದು ಎರಡು ಸಾಲು ಹಾಕಿ ಮುಗಿಸಿಬಿಡು ಎಂದರು. ಬರುವ ತಿಂಗಳು ಸದಸ್ಯರ ಸಭೆಯಿದೆ, ಪತ್ರಿಕೆ ನಡೆಸಬೇಕೋ ಬೇಡವೋ ಅಲ್ಲೇ ತೀರ್ಮಾನ. ಇಬ್ಬರು ಓದುತ್ತಾರೆ ಎಂಬ ಒಂದೇ ಮಾತಿಗೆ ಜನ ನಮ್ಮನ್ನು ಹಿಡಿದುಕೊಂಡಿದ್ದಾರೆ, ಅದನ್ನೇ ನೀನಾಗಿ ಕಿತ್ತು ಅವರ ಕೈಗೆ ಕೊಡಬೇಡ ಎಂದರು. ಹಲ್ಲು ಕೀಳುವ ಮುಂಚೆ ರೋಗಿಗೆ ಎಲ್ಲವನ್ನೂ ಹೇಳುವ ಪದ್ಧತಿ ತಮ್ಮದಲ್ಲ ಎಂದೂ ಸೇರಿಸಿದರು. ಅವಳು ಹೂಂ ಎಂದು ಫೋನಿಟ್ಟು, ಒಂದು ಹಾಳೆಯಲ್ಲಿ ತಿದ್ದುಪಡಿ ಬರೆದಳು. ನೇಮದ ಪ್ರಕಾರ ತಿದ್ದುಪಡಿಯನ್ನೂ ಇಬ್ಬರು ಓದಬೇಕಿತ್ತು. ಈ ಸಲ ಲಕೋಟೆ ಕಂಡಕ್ಟರ್ ಕೈಗೆ ಹೋಗಲಿಲ್ಲ. ಅವಳೇ ಬಸ್ಸು ಹತ್ತಿದಳು.

ಅಕ್ಕ ಹೋದ ಮೇಲೆ ಆರು ವರ್ಷದಲ್ಲಿ ಆ ಮನೆಗೆ ಅವಳು ಹೋದದ್ದು ಎರಡೇ ಸಲ. ಬಾಗಿಲು ತೆಗೆದ ಭಾವ ಅವಳ ಮುಖದ ಮೇಲಲ್ಲ, ಕಿವಿಯ ಪಕ್ಕದಲ್ಲೆಲ್ಲೋ ದೃಷ್ಟಿಯಿಟ್ಟು, “ಯಾರು?” ಎಂದರು. ಅವಳು ಮಾತಾಡಿದ ಮೇಲೆ ಗುರುತು ಹಿಡಿದು ಪಕ್ಕಕ್ಕೆ ಸರಿದರು. ಒಳಗೆ ಎಲ್ಲ ಒಪ್ಪವಾಗಿತ್ತು. ಕಿಟಕಿಯ ಹತ್ತಿರ ಮೇಜು, ಮೇಜಿನ ಮೇಲೆ ಕೆಂಪು ಪೆನ್ನು, ಅದರ ಪಕ್ಕ ಅಂಚು ಕೂಡಿಸಿ ಜೋಡಿಸಿಟ್ಟ ಲಕೋಟೆಗಳು. ಹದಿನೇಳು. ಅವಳೇ ಅಂಟಿಸಿದ ಅಂಟು ಒಂದರಲ್ಲೂ ಬಿಟ್ಟಿರಲಿಲ್ಲ.

ಅವಳಿಗೆ ಕೋಪ ಬಂತು, ಸುಳ್ಳೇಕೆ ಹೇಳಬೇಕು. ಆ ಮನುಷ್ಯನ ಮಗಳು ತಲೆತಗ್ಗಿಸಿಕೊಂಡು ಶಾಲೆಗೆ ಹೋಗುತ್ತಿದ್ದಾಳೆ, ಇಲ್ಲಿ ಇವರು ಲಕೋಟೆ ಜೋಡಿಸುತ್ತಾ ಕೂತಿದ್ದಾರೆ. ಬಾಯಿಗೆ ಬಂದದ್ದನ್ನು ಅಂದೇಬಿಡುತ್ತಿದ್ದಳು. ಅಷ್ಟರಲ್ಲಿ ಭಾವ ಕುರ್ಚಿಯ ಕೈ ತಡವಿ ಹಿಡಿದು ಕೂತು, ಲಕೋಟೆ ನೋಡಿದೆಯಾ ಎಂದು ತಾವೇ ಕೇಳಿದರು. ಆಮೇಲೆ ಎಲ್ಲ ಹೇಳಿದರು. ನೋಟದ ನಟ್ಟನಡುವೆ ಒಂದು ಬೂದು ಮಚ್ಚೆ ಕೂತಿದೆ, ಅಕ್ಕಪಕ್ಕದ್ದು ಕಾಣುತ್ತದೆ, ನೋಡಬೇಕೆಂದದ್ದು ಕಾಣುವುದಿಲ್ಲ. ಆಪರೇಷನ್ನಿಗೆ ಬಗ್ಗುವ ಜಾತಿಯದಲ್ಲ ಎಂದು ಕಣ್ಣಿನ ಡಾಕ್ಟರು ಕೈಚೆಲ್ಲಿದ್ದಾರೆ. ಬುಧವಾರ ಸ್ಟಾಪಿಗೆ ಹೋಗಿ ನಿಲ್ಲುತ್ತಿದ್ದರು, ಬಸ್ಸಿನ ನಂಬರು ಕಾಣುತ್ತಿರಲಿಲ್ಲ, ಕಂಡಕ್ಟರೇ ಕೂಗಿ ಕರೆದು ಕೈಗೆ ಕೊಡುತ್ತಿದ್ದ.

ಅವಳು ಪಂಪ್‌ಹೌಸಿನವನ ವಿಷಯ ಹೇಳಿದಳು. ಭಾವ ಕೇಳಿಸಿಕೊಂಡು, ಏನು ಬರೆದು ತಂದಿದ್ದೀಯೋ ಓದು ಎಂದರು. ಅವಳು ಓದಿದಳು. ತಪ್ಪು ಪತ್ರಿಕೆಯದು, ಆಪರೇಟರದ್ದಲ್ಲ, ಎರಡನೇ ಓದುಗರ ಅನಾರೋಗ್ಯದಿಂದಾಗಿ ವರದಿಯ ಪರಿಶೀಲನೆಯಲ್ಲಿ ಲೋಪವಾಗಿದೆ, ವಿಷಾದಿಸುತ್ತೇವೆ. ಅಧ್ಯಕ್ಷರ ಅಚ್ಚಿನ ದೋಷವನ್ನು ಅವಳ ಕೈ ಬರೆಯಲು ಒಪ್ಪಿರಲಿಲ್ಲ, ಹಾಗೆಂದು ಭಾವನ ಮಾನ ತೆಗೆಯಲೂ ಒಪ್ಪದೆ, ಕಾರಣ ಗೊತ್ತಾಗುವ ಮೊದಲೇ ಅನಾರೋಗ್ಯ ಎಂದು ಬರೆದಿತ್ತು.

“ಅನಾರೋಗ್ಯ ತೆಗಿ,” ಎಂದರು ಭಾವ. ನಾಲ್ಕು ತಿಂಗಳಲ್ಲಿ ಮೊದಲ ತಕರಾರು. “ನಂಗೆ ಜ್ವರ ಬಂದಿತ್ತಾ? ಕಣ್ಣು ಕಾಣ್ತಿರಲಿಲ್ಲ, ಕಾಣತ್ತೆ ಅಂತ ಸುಳ್ಳು ಹೇಳ್ದೆ. ಹದಿನೇಳು ವಾರ ಒಬ್ಬಳೇ ಓದಿರೋದು ಅಂತ ಬರಿ. ಹದಿನೇಳು ಅನ್ನೋದನ್ನ ಅಕ್ಷರದಲ್ಲಿ ಬರಿ, ಅಂಕೀಲಿ ಬೇಡ.”

“ಜನ ನಿಮ್ಮನ್ನ ಆಡ್ಕೋತಾರೆ ಭಾವ.”

“ಅವನನ್ನ ಆಡ್ಕೊಳ್ತಿಲ್ವಾ ಈಗ?”

ಅವಳು ಮೇಜಿನ ಮೇಲಿನ ಕೆಂಪು ಪೆನ್ನನ್ನೇ ತೆಗೆದುಕೊಂಡು ತಿದ್ದಿದಳು. ಕೊನೆಗೆ ಒಂದು ಸಾಲು ತಾನಾಗಿ ಸೇರಿಸಿ ಅದನ್ನೂ ಓದಿ ಹೇಳಿದಳು: ಸಂಪಾದಕಿಗೆ ಅನುಮಾನ ಬರಬೇಕಿತ್ತು, ಹೊಗಳಿಕೆ ಹಿತವಾಗಿದ್ದರಿಂದ ಅವಳು ಕೇಳಲಿಲ್ಲ. ಅವಳು ಹಾಳೆ ಮಡಿಸಿ ಚೀಲಕ್ಕೆ ಹಾಕುವಾಗ, ಯಾಕೆ ಹೇಳಲಿಲ್ಲ ನೀವು, ನಾನೇನು ನಿಮ್ಮನ್ನು ತಿಂದುಬಿಡುತ್ತಿದ್ದೆನೇ ಎಂದು ಕೇಳಿದಳು. ಭಾವ ಕಿಟಕಿಯ ಕಡೆ ಮುಖ ಮಾಡಿದರು.

“ಓದೋ ಕೆಲಸ ಇಲ್ಲದಿದ್ರೆ ನೀನು ನಂಗ್ಯಾಕೆ ಫೋನ್ ಮಾಡ್ತೀಯ ಪುಟ್ಟಿ?”

ಹಾಗೇಕೆ ಅಂತೀರಿ, ಮಾಡೇ ಮಾಡುತ್ತೇನೆ ಎಂದು ಹೇಳಲು ಅವಳು ಬಾಯಿ ತೆರೆದಳು. ಎಂಟು ವರ್ಷದಲ್ಲಿ ಒಂದು ದಿನವಾದರೂ ಸುದ್ದಿ ಬಿಟ್ಟು ಬೇರೆ ಕಾರಣಕ್ಕೆ ಈ ಮನುಷ್ಯನಿಗೆ ಫೋನ್ ಮಾಡಿದ್ದುಂಟೇ ಎಂದು ಹುಡುಕಿದಳು. ಅಕ್ಕ ತೀರಿಕೊಂಡ ವಾರವೂ ಗುರುವಾರ ಹತ್ತಕ್ಕೇ ಮಾಡಿದ್ದಳು, ಒಳಚರಂಡಿಯ ವರದಿಯ ಬಗ್ಗೆ. ಅವತ್ತೂ ಅವರು ಎರಡು ತಪ್ಪು ಹಿಡಿದುಕೊಟ್ಟಿದ್ದರು. ಬಸ್ಸಿಗೆ ಹೊತ್ತಾಯಿತೆಂದು ಹೇಳಿ ಅವಳು ಎದ್ದಳು. ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆಯಿತ್ತು.

ತಿದ್ದುಪಡಿ ಮೊದಲ ಪುಟದಲ್ಲೇ ಅಚ್ಚಾಯಿತು. ಒಬ್ಬಳೇ ಓದಿದ್ದ ಅಷ್ಟೂ ವರದಿಗಳ ಪಟ್ಟಿ ಅದರ ಕೆಳಗಿತ್ತು. ಕುಂಬಾರನಿಗೆ ವರ್ಷ, ದೊಣ್ಣೆಗೆ ನಿಮಿಷ. ಆ ವಾರವೇ ಎಷ್ಟೋ ಜನ ಪತ್ರಿಕೆ ಬೇಡವೆಂದರು. ಇಷ್ಟು ನಿಜ ಹೇಳುವವರನ್ನು ಬಿಡುವುದು ಹೇಗೆ ಎಂದು ಬರೆದವರೂ ಇದ್ದರು, ಆದರೆ ಅವರು ಕಡಿಮೆ. ಹಲ್ಲಿನ ಡಾಕ್ಟರು ಒಂದು ವಾರ ಮುನಿಸಿಕೊಂಡು, ಬೇರೆ ಅಧ್ಯಕ್ಷರು ಸಿಗುವುದಿಲ್ಲವೆಂದು ಗೊತ್ತಾಗಿ ತಾವೇ ರಾಜಿಯಾದರು. ಪಂಪ್‌ಹೌಸಿನವನ ನೋಟಿಸು ರದ್ದಾಯಿತು. ಅವನು ಮತ್ತೆ ಮೆಟ್ಟಿಲು ಹತ್ತಲಿಲ್ಲ, ಹತ್ತುವುದಾದರೂ ಯಾಕೆ? ಅಡಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ, ಅವಳು ಕೊಟ್ಟದ್ದು ಬರೀ ಒಂದು ಪ್ಯಾರಾ.

ಸದಸ್ಯರ ಸಭೆಯಲ್ಲಿ ಪತ್ರಿಕೆ ಕೂದಲೆಳೆಯ ಅಂತರದಲ್ಲಿ ಉಳಿಯಿತು. ಅಲ್ಲೇ ಒಬ್ಬ ನಿವೃತ್ತ ನರ್ಸು ಎದ್ದು ನಿಂತು, ಓದುವ ಕೆಲಸ ನನಗೆ ಕೊಡಿ ಎಂದಳು. ಬಲು ಚುರುಕು. ಬುಧವಾರ ಸಂಜೆ ಕಳಿಸಿದರೆ ಎರಡೇ ಗಂಟೆಯಲ್ಲಿ ತಪ್ಪುಗಳನ್ನೆಲ್ಲ ಗುರುತು ಮಾಡಿ ಮೊಬೈಲಿಗೆ ಹಾಕಿಬಿಡುತ್ತಿದ್ದಳು, ನಮಸ್ಕಾರ ಕೂಡ ಟೈಪ್ ಮಾಡದೆ. ಮಾತಾಡುವ ಅಗತ್ಯವೇ ಬೀಳುತ್ತಿರಲಿಲ್ಲ. ಗುರುವಾರ ಬೆಳಗಿನ ಒಂದು ಗಂಟೆ ಪೇಪರಮ್ಮನಿಗೆ ಉಳಿತಾಯವಾಗತೊಡಗಿತು. ಅದನ್ನು ಏನು ಮಾಡಬೇಕೆಂದು ತಿಳಿಯದೆ ಅವಳು ಕುರ್ಚಿಗಳ ಮೇಲಿನ ಕಟ್ಟುಗಳ ಧೂಳು ಹೊಡೆಯುತ್ತಿದ್ದಳು. ಭಾವನ ಮನೆಯ ನಂಬರನ್ನು ಒತ್ತಿ, ಅದು ಹೊಡೆದುಕೊಳ್ಳುವ ಮುಂಚೆಯೇ ಕತ್ತರಿಸಿಬಿಡುತ್ತಿದ್ದಳು. ಮಂತ್ರಿಗೆ ಫೋನ್ ಮಾಡಲು ಅಂಜದವಳಿಗೆ ಭಾವನಿಗೆ ಫೋನ್ ಮಾಡಲು ಒಂದು ನೆಪ ಬೇಕಿತ್ತು. ಹೀಗೆ ಐದು ವಾರ ಕಳೆದವು.

ಆರನೇ ವಾರ, ಒಂದು ಮಂಗಳವಾರ ಮಧ್ಯಾಹ್ನ, ಕತ್ತರಿಸದೆ ಬಿಟ್ಟಳು. ಬಹಳ ಸಲ ಹೊಡೆದುಕೊಂಡ ಮೇಲೆ ಭಾವ ಎತ್ತಿದರು.

“ಭಾವ, ನಾನು.”

“ಏನಾಯ್ತು ಪುಟ್ಟಿ? ಮತ್ತೆ ತಪ್ಪಾಯ್ತಾ?”

“ಇಲ್ಲ. ಏನೂ ಆಗಿಲ್ಲ. ಸುಮ್ನೆ ಮಾಡ್ದೆ.”

“ಸುಮ್ನೆ ಅಂದ್ರೆ?” ಎಂದು ಭಾವ ಕೇಳಿದರು. ಅವರು ಕೆಣಕುತ್ತಿರಲಿಲ್ಲ, ನಿಜವಾಗಿಯೂ ಅರ್ಥವಾಗದೆ ಕೇಳಿದ್ದರು. ಊಟ ಆಯಿತೇ ಎಂದು ಕೇಳಬಹುದು ಎಂದು ಹೊಳೆಯಲು ಪೇಪರಮ್ಮನಿಗೆ ಕೊಂಚ ಸಮಯ ಹಿಡಿಯಿತು. ಅಲ್ಲಿಯವರೆಗೂ ಭಾವ ಆ ಕಡೆ ಫೋನ್ ಹಿಡಿದುಕೊಂಡು ಕಾಯುತ್ತಿದ್ದರು.